ಹೆಸರಿನ ಬಾಲ ನೋಡಿ ಫೈಲಿನ ಆಯುಷ್ಯ ಊಹಿಸಬಹುದೇ?

ಪ್ರಶ್ನೆ: ಮನೆಯಲ್ಲಿರುವ ಸಣ್ಣ ಲಿನಕ್ಸ್ ಯಂತ್ರದ ಫ್ಲ್ಯಾಶ್ ಡಿಸ್ಕಿಗೆ ಎಫ್2ಎಫ್ಎಸ್ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಹಾಕಬೇಕೆಂದಿದ್ದೇನೆ. ಅಪರೂಪಕ್ಕೆ ಬದಲಾಗುವ ಫೈಲುಗಳ ಎಕ್ಸ್‌ಟೆನ್ಷನ್ ಪಟ್ಟಿಯನ್ನು ಫಾರ್ಮ್ಯಾಟ್ ಮಾಡುವಾಗ ಕೊಡಬಹುದೆಂದು ತಿಳಿಯಿತು. ಫೈಲಿನ ಒಳಗೇನಿದೆ ಎಂದು ನೋಡದೆ ಚುಕ್ಕೆಯ ಮುಂದಿನ ಮೂರು ಅಕ್ಷರಗಳಿಂದ ಹೀಗೆ ವಿಂಗಡಿಸುವುದು ಸರಿಯೇ? ನನ್ನದೇ ಪಟ್ಟಿ ಸೇರಿಸಿದರೆ ಡಿಸ್ಕ್ ವೇಗವಾಗುತ್ತದೆಯೇ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ‘ಹೌದು, ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ’ ಎಂಬುದು. ಎರಡನೆಯದಕ್ಕೆ ಉತ್ತರ ನಿಮ್ಮ ಡಿಸ್ಕಿನಲ್ಲಿ ಯಾವ ಬಗೆಯ ಫೈಲುಗಳು ಒಟ್ಟಿಗೆ ಬಾಳುತ್ತವೆ ಮತ್ತು ಡಿಸ್ಕ್ ಎಷ್ಟು ತುಂಬಿದೆ ಎಂಬುದರ ಮೇಲೆ ನಿಂತಿದೆ. ಬಹುಪಾಲು ಜನರಿಗೆ ಮೊದಲೇ ಇರುವ ಪಟ್ಟಿಯೇ ಸಾಕು.

ಇಂತಹ ವಿಂಗಡಣೆ ಏಕೆ ಬೇಕಾಯಿತು ಎಂಬುದನ್ನು ಫ್ಲ್ಯಾಶ್ ಚಿಪ್ಪಿನ ಸ್ವಭಾವದಿಂದಲೇ ವಿವರಿಸಬೇಕು. ಬರೆದ ಪುಟದ (ಒಮ್ಮೆಗೆ ಬರೆಯುವ ಸಣ್ಣ ತುಂಡಿನ) ಮೇಲೆ ಮತ್ತೆ ಬರೆಯಲು ಅದರಲ್ಲಿ ಬರುವುದಿಲ್ಲ. ಮೊದಲು ಅಳಿಸಬೇಕು, ಆದರೆ ಅಳಿಸುವುದು ಪುಟಪುಟವಾಗಿ ಅಲ್ಲ, ನೂರಾರು ಪುಟಗಳ ದೊಡ್ಡ ಗುಂಪನ್ನು ಒಮ್ಮೆಗೇ. ಆದ್ದರಿಂದ ಸ್ಯಾಮ್ಸಂಗ್ ಕಂಪನಿಯ ಎಂಜಿನಿಯರುಗಳು ರೂಪಿಸಿದ, 2013ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 3.8ರ ಜೊತೆ ಬಳಕೆಗೆ ಸಿಕ್ಕ ಎಫ್2ಎಫ್ಎಸ್, ಹಳೆಯ ಜಾಗವನ್ನು ತಿದ್ದುವ ಬದಲು ಬದಲಾದ ಮಾಹಿತಿಯನ್ನು ಸಾಮಾನ್ಯವಾಗಿ ಹೊಸ ಜಾಗದಲ್ಲಿ ಸಾಲಾಗಿ ಬರೆಯುತ್ತಾ ಹೋಗುತ್ತದೆ. ಈ ಸಾಲಿಗೆ ಲಾಗ್ ಎಂದು ಹೆಸರು. ಅದರ ಮೂಲ ಅಳತೆ 4 ಕಿಲೋಬೈಟಿನ ಬ್ಲಾಕ್. 512 ಬ್ಲಾಕುಗಳು ಸೇರಿ 2 ಮೆಗಾಬೈಟಿನ ಒಂದು ಸೆಗ್ಮೆಂಟ್.

ಹೊಸ ಜಾಗದಲ್ಲಿ ಬರೆದಾಗ ಹಳೆಯ ಜಾಗದ ಬ್ಲಾಕ್ ನಿರುಪಯುಕ್ತವಾಗುತ್ತದೆ, ಆದರೆ ಅದು ತಾನಾಗಿ ಖಾಲಿ ಸೆಗ್ಮೆಂಟ್ ಆಗುವುದಿಲ್ಲ. ಅದೇ ಸೆಗ್ಮೆಂಟಿನಲ್ಲಿ ಇನ್ನೂ ಬೇಕಾಗಿರುವ ಬ್ಲಾಕುಗಳಿದ್ದರೆ ಅವನ್ನು ಓದಿ ಬೇರೆಡೆ ಬರೆದು, ಆಮೇಲಷ್ಟೇ ಇಡೀ ಸೆಗ್ಮೆಂಟನ್ನು ಬಿಡಿಸಿಕೊಳ್ಳಬೇಕು. ಈ ಶುಚಿಕಾರ್ಯದ ಲೆಕ್ಕ ಸರಳ, ಫಲ ಕಠೋರ. ಒಂದು ಸೆಗ್ಮೆಂಟಿನ ಅರ್ಧ ಭಾಗದಲ್ಲಿ ಫೋಟೊ, ಇನ್ನರ್ಧದಲ್ಲಿ ದಿನವಿಡೀ ತಿದ್ದುಪಡಿಯಾಗುವ ಡೇಟಾಬೇಸಿನ ತುಣುಕುಗಳಿವೆ ಎಂದುಕೊಳ್ಳೋಣ. ಸ್ವಲ್ಪ ಹೊತ್ತಿನಲ್ಲಿ ಡೇಟಾಬೇಸಿನ 256 ಬ್ಲಾಕುಗಳೂ ಹಳಸಾಗುತ್ತವೆ. ಆ ಒಂದು ಮೆಗಾಬೈಟ್ ಜಾಗ ಮರಳಿ ಪಡೆಯಲು, ಯಾರೂ ಮುಟ್ಟದ ಫೋಟೊದ ಒಂದು ಮೆಗಾಬೈಟನ್ನು ಸಾಗಿಸಬೇಕಾಗುತ್ತದೆ. ಸೆಗ್ಮೆಂಟಿನ ಮುಕ್ಕಾಲು ಭಾಗ ಫೋಟೊ ಆಗಿದ್ದರೆ ಅರ್ಧ ಮೆಗಾಬೈಟ್ ಗಳಿಸಲು ಒಂದೂವರೆ ಮೆಗಾಬೈಟ್ ಬರೆಯಬೇಕು, ಅಂದರೆ ಗಳಿಕೆಯ ಮೂರು ಪಟ್ಟು ಖರ್ಚು. ಇವೆರಡನ್ನು ಮೊದಲೇ ಬೇರೆ ಬೇರೆ ಸೆಗ್ಮೆಂಟುಗಳಿಗೆ ಕಳಿಸಿದ್ದರೆ ಡೇಟಾಬೇಸಿನ ಸೆಗ್ಮೆಂಟ್ ಪೂರ್ತಿ ಹಳಸಾಗಿ ಯಾವ ಸಾಗಣೆಯೂ ಇಲ್ಲದೆ ಖಾಲಿಯಾಗುತ್ತಿತ್ತು, ಫೋಟೊಗಳ ಸೆಗ್ಮೆಂಟಿನ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಅಳಿಸಿ ಬರೆಯುವ ಆವರ್ತಗಳಿಗೆ ಮಿತಿಯಿರುವ ಮಾಧ್ಯಮದಲ್ಲಿ ಈ ವ್ಯತ್ಯಾಸ ವೇಗದ ಪ್ರಶ್ನೆ ಮಾತ್ರವಲ್ಲ, ಡಿಸ್ಕಿನ ಬಾಳಿಕೆಯ ಪ್ರಶ್ನೆಯೂ ಹೌದು.

ಇದಕ್ಕಾಗಿಯೇ ಎಫ್2ಎಫ್ಎಸ್ ಒಂದರ ಬದಲು ಆರು ಲಾಗುಗಳನ್ನು ಏಕಕಾಲಕ್ಕೆ ತೆರೆದಿಟ್ಟುಕೊಳ್ಳುತ್ತದೆ: ಫೈಲುಗಳ ವಿಳಾಸ ವಿವರಗಳಿಗೆ ಮೂರು, ಫೈಲುಗಳೊಳಗಿನ ಮಾಹಿತಿಗೆ ಮೂರು. ಮಾಹಿತಿಯ ಮೂರರಲ್ಲಿ ‘ಬಿಸಿ’ ಲಾಗು ಮುಖ್ಯವಾಗಿ ಡೈರೆಕ್ಟರಿಗಳ ನಮೂದುಗಳಿಗೆ, ‘ಬೆಚ್ಚಗಿನದು’ ಸಾಮಾನ್ಯ ಫೈಲುಗಳಿಗೆ, ‘ತಣ್ಣನೆಯದು’ ಹಾಡು, ಚಿತ್ರ, ವಿಡಿಯೊಗಳಂತಹವುಗಳಿಗೆ ಮತ್ತು ಶುಚಿಕಾರ್ಯದಲ್ಲಿ ಒಮ್ಮೆ ಸಾಗಿಸಲ್ಪಟ್ಟ ಬ್ಲಾಕುಗಳಿಗೆ ಮೀಸಲು. ಇಷ್ಟು ದಿನ ಬದಲಾಗದೆ ಉಳಿದು ಸಾಗಣೆಗೆ ಸಿಕ್ಕಿದ್ದು ಇನ್ನು ಮುಂದೆಯೂ ಬದಲಾಗುವುದು ಕಡಿಮೆ ಎಂಬುದು ಈ ಕೊನೆಯ ವ್ಯವಸ್ಥೆಯ ಹಿಂದಿನ ತರ್ಕ.

ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ. ತಣ್ಣನೆಯ ಫೈಲ್ ಎಂದರೆ ಅಪರೂಪಕ್ಕೆ ತೆರೆಯುವ ಫೈಲ್ ಅಲ್ಲ. ದಿನಕ್ಕೆ ಹತ್ತು ಬಾರಿ ಕೇಳುವ ಹಾಡು ಕೂಡ ತಣ್ಣನೆಯದೇ, ಏಕೆಂದರೆ ಓದುವುದರಿಂದ ಅದರ ಬ್ಲಾಕುಗಳು ಸ್ಥಳ ಬದಲಿಸುವುದಿಲ್ಲ. ಲೆಕ್ಕಕ್ಕೆ ಬರುವುದು ಮರುಬರಹ ಮಾತ್ರ.

ಈಗ ಎಕ್ಸ್‌ಟೆನ್ಷನ್ ವಿಚಾರಕ್ಕೆ ಬರೋಣ. ಹೊಸ ಫೈಲಿನ ಮೊದಲ ಬ್ಲಾಕ್ ಯಾವ ಲಾಗಿಗೆ ಹೋಗಬೇಕೆಂದು ನಿರ್ಧರಿಸಬೇಕಾದಾಗ ಅದಕ್ಕೆ ಚರಿತ್ರೆಯೇ ಇರುವುದಿಲ್ಲ. ಎಷ್ಟು ಬಾರಿ ತಿದ್ದಲಾಯಿತು ಎಂದು ಎಣಿಸಲು ಏನೂ ನಡೆದಿರುವುದಿಲ್ಲ. ಆ ಗಳಿಗೆಯಲ್ಲಿ ಲಿನಕ್ಸಿನ ತಿರುಳಾದ ಕರ್ನಲ್‌ನ ಕೈಯಲ್ಲಿರುವುದು ಹೆಸರೊಂದೇ. ಎಂಪಿ3 ಅಥವಾ ಜೆಪಿಜಿ ಎಂದು ಕೊನೆಗೊಳ್ಳುವ ಫೈಲನ್ನು ಜನ ಒಮ್ಮೆ ಪೂರ್ತಿ ಬರೆದು, ಬೇಡವಾದಾಗ ಪೂರ್ತಿ ಅಳಿಸುತ್ತಾರೆಯೇ ಹೊರತು ನಡುವಿನಲ್ಲಿ ತಿದ್ದುವುದು ವಿರಳ ಎಂಬ ಲೋಕಾನುಭವವನ್ನೇ ಎಫ್2ಎಫ್ಎಸ್ ನೆಚ್ಚಿಕೊಂಡಿದೆ. ಹೆಸರು ಪಟ್ಟಿಗೆ ಹೊಂದಿದರೆ ಆ ಫೈಲಿನ ಐನೋಡಿನಲ್ಲಿ (ಅದರ ವಿವರಗಳನ್ನಿಡುವ ದಾಖಲೆಯಲ್ಲಿ) ‘ತಣ್ಣನೆಯದು’ ಎಂಬ ಒಂದು ಬಿಟ್ ಗುರುತು ಬೀಳುತ್ತದೆ. ಹೋಲಿಕೆಯಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದವಿಲ್ಲ. ಎಂಪಿ4 ಎಂಬುದರ ನಂತರ ಮತ್ತೊಂದು ಚುಕ್ಕೆ ಮತ್ತು ತಾತ್ಕಾಲಿಕ ಬಾಲ ಇದ್ದರೂ ಹೊಂದಿಕೆಯಾಗುತ್ತದೆ; ಬ್ರೌಸರುಗಳು ಡೌನ್‌ಲೋಡ್ ಮುಗಿಯುವವರೆಗೆ ಅಂತಹ ಹೆಸರು ಇಟ್ಟಿರುವುದುಂಟು, ಅದನ್ನು ಯೋಚಿಸಿಯೇ ಇಷ್ಟು ಸಡಿಲ ಬಿಟ್ಟಿದ್ದಾರೆ. ನನಗೆ ಇಡೀ ವಿನ್ಯಾಸದಲ್ಲಿ ತುಂಬಾ ಹಿಡಿಸಿದ ಸೂಕ್ಷ್ಮವಿದು.

ಆದರೆ ಗುರುತು ಬೀಳುವುದು ಫೈಲ್ ಹುಟ್ಟುವಾಗ ಮಾತ್ರ. ತಾತ್ಕಾಲಿಕ ಹೆಸರೊಂದರಲ್ಲಿ ಹುಟ್ಟಿ, ಬರಹ ಮುಗಿದ ಮೇಲೆ ಜೆಪಿಜಿ ಎಂದು ಹೆಸರು ಬದಲಿಸಿಕೊಂಡ ಫೋಟೊ ಸಾಮಾನ್ಯ ಫೈಲಾಗಿಯೇ ಉಳಿಯುತ್ತದೆ. ಸುರಕ್ಷತೆಗಾಗಿ ಹೀಗೆ ಬರೆಯುವ ಅನ್ವಯಗಳು ಸಾಕಷ್ಟಿರುವುದರಿಂದ ಇದು ಸಣ್ಣ ಕೊರತೆಯೇನಲ್ಲ.

ಊಹೆ ತಪ್ಪಿದರೆ ಏನಾಗುತ್ತದೆ ಎಂಬ ಭಯ ಬೇಡ. ಪದೇ ಪದೇ ತಿದ್ದುವ ಫೈಲೊಂದು ತಣ್ಣನೆಯ ಲಾಗಿಗೆ ಬಿದ್ದರೆ ಅಲ್ಲಿನ ಸೆಗ್ಮೆಂಟುಗಳಲ್ಲಿ ತೂತುಗಳು ಬೀಳುತ್ತವೆ, ಶುಚಿಕಾರ್ಯಕ್ಕೆ ಸಾಗಣೆ ಹೆಚ್ಚುತ್ತದೆ, ಅಷ್ಟೇ. ಮಾಹಿತಿಗೆ ಯಾವ ಅಪಾಯವೂ ಇಲ್ಲ, ಫೈಲ್ ಓದುವ ರೀತಿಯೂ ಬದಲಾಗುವುದಿಲ್ಲ. ಹಾನಿ ಇಷ್ಟು ಮಿತವಾಗಿರುವುದರಿಂದಲೇ ಹೆಸರಿನಂತಹ ಒರಟು ಸುಳಿವನ್ನು ನಂಬುವುದು ಸಮರ್ಥನೀಯವಾಗುತ್ತದೆ.

ಫಾರ್ಮ್ಯಾಟ್ ಮಾಡುವ ಆಜ್ಞೆಗೆ ಇಂಗ್ಲಿಷಿನ ಸಣ್ಣ ‘ಇ’ ಆಯ್ಕೆ ಕೊಟ್ಟರೆ ತಣ್ಣನೆಯ ಪಟ್ಟಿಗೆ, ದೊಡ್ಡ ‘ಇ’ ಕೊಟ್ಟರೆ ಆಮೇಲೆ ಬಂದ, ಸದಾ ಬದಲಾಗುವ ಫೈಲುಗಳ ಬಿಸಿ ಪಟ್ಟಿಗೆ ಹೆಸರುಗಳು ಸೇರುತ್ತವೆ. ಎರಡೂ ಪಟ್ಟಿಗಳು, ಇಡೀ ಫೈಲ್ ಸಿಸ್ಟಮ್ಮಿನ ಮೂಲ ವಿವರಗಳಿರುವ ಸೂಪರ್‌ಬ್ಲಾಕಿನಲ್ಲಿ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ: ಒಟ್ಟು 64 ಎಕ್ಸ್‌ಟೆನ್ಷನ್‌ಗಳು, ಪ್ರತಿಯೊಂದಕ್ಕೂ 8 ಬೈಟ್. ನೀವೇನೂ ಕೊಡದಿದ್ದರೂ ಜನಪ್ರಿಯ ಚಿತ್ರ, ಧ್ವನಿ, ವಿಡಿಯೊ ರೂಪಗಳು ಮತ್ತು ಆಂಡ್ರಾಯ್ಡ್ ಅನ್ವಯಗಳ ಎಪಿಕೆ ತಣ್ಣನೆಯ ಪಟ್ಟಿಯಲ್ಲಿಯೂ, ಡೇಟಾಬೇಸುಗಳ ಡಿಬಿ ಬಿಸಿ ಪಟ್ಟಿಯಲ್ಲಿಯೂ ಈಗಾಗಲೇ ಇರುತ್ತವೆ. ಎಕ್ಸ್‌ಟೆನ್ಷನ್ ಗುರುತಿಸುವುದೇ ಬೇಡ ಎನ್ನುವವರಿಗೆ ಡಿಸ್ಕನ್ನು ಬಳಕೆಗೆ ಜೋಡಿಸುವಾಗ (ಮೌಂಟ್ ಮಾಡುವಾಗ) ಅದನ್ನು ನಿಲ್ಲಿಸುವ ಆಯ್ಕೆಯೂ ಇದೆ. ಮೌಂಟ್ ಆಯ್ಕೆಯಲ್ಲಿ ಲಾಗುಗಳ ಸಂಖ್ಯೆಯನ್ನು ಆರರಿಂದ ನಾಲ್ಕಕ್ಕೋ ಎರಡಕ್ಕೋ ಇಳಿಸಿದವರು ಪಟ್ಟಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಆಗ ಸಾಮಾನ್ಯ ಫೈಲುಗಳೆಲ್ಲ ಒಂದೇ ಲಾಗಿಗೆ ಹೋಗುತ್ತವೆ.

ಹಾಗಾದರೆ ನಿಮ್ಮದೇ ಎಕ್ಸ್‌ಟೆನ್ಷನ್ ಯಾವಾಗ ಸೇರಿಸಬೇಕು? ಒಮ್ಮೆಗೇ ಪೂರ್ತಿ ಬರೆಯಲ್ಪಟ್ಟು ಮತ್ತೆ ತಿದ್ದಲ್ಪಡದ, ಗಾತ್ರದಲ್ಲಿ ದೊಡ್ಡದಾದ, ಮೂಲಪಟ್ಟಿಯಲ್ಲಿ ಇಲ್ಲದ ರೂಪವೊಂದು ನಿಮ್ಮ ಡಿಸ್ಕಿನ ಗಣನೀಯ ಭಾಗವನ್ನು ಆಕ್ರಮಿಸಿರಬೇಕು. ಉದಾಹರಣೆಗೆ ಕ್ಯಾಮೆರಾದ ಕಚ್ಚಾ ಚಿತ್ರಗಳು ಅಥವಾ ಬ್ಯಾಕಪ್ ಕಟ್ಟುಗಳು. ಅದರ ಜೊತೆಗೆ ಸದಾ ಬದಲಾಗುವ ಫೈಲುಗಳೂ ಅದೇ ಡಿಸ್ಕಿನಲ್ಲಿರಬೇಕು, ಮತ್ತು ಶುಚಿಕಾರ್ಯ ಆಗಾಗ ನಡೆಯುವಷ್ಟು ಡಿಸ್ಕ್ ತುಂಬಿರಬೇಕು. ಅರ್ಧಕ್ಕಿಂತ ಹೆಚ್ಚು ಖಾಲಿಯಿರುವ ಡಿಸ್ಕಿನಲ್ಲಿ ಸಾಮಾನ್ಯವಾಗಿ ವ್ಯತ್ಯಾಸ ಕಾಣುವುದಿಲ್ಲ, ಬರೀ ಚಲನಚಿತ್ರಗಳನ್ನು ತುಂಬಿಟ್ಟ ಡಿಸ್ಕಿನಲ್ಲಂತೂ ಬೇರ್ಪಡಿಸಲು ಏನೂ ಇರುವುದಿಲ್ಲ. ಪ್ರೋಗ್ರಾಮುಗಳ ದಿನಚರಿ ದಾಖಲೆಗಳನ್ನು, ಹಳೆಯವೆಂಬ ಕಾರಣಕ್ಕೆ, ತಣ್ಣನೆಯ ಪಟ್ಟಿಗೆ ಹಾಕುವುದು ತಪ್ಪು: ಅವು ಚೂರುಚೂರಾಗಿ ಬೆಳೆಯುತ್ತವೆ, ಬೇಗ ಅಳಿಸಿಹೋಗುತ್ತವೆ. ವರ್ಚುವಲ್ ಯಂತ್ರದ ಡಿಸ್ಕ್ ಫೈಲುಗಳು ಗಾತ್ರದಲ್ಲಿ ಸಿನಿಮಾದಂತೆ ಕಂಡರೂ ನಡತೆಯಲ್ಲಿ ಡೇಟಾಬೇಸಿನಂತೆ.

ಇನ್ನೊಂದು ಮಿತಿ ಫೈಲ್ ಸಿಸ್ಟಮ್ಮಿನ ಕೆಳಗಿದೆ. ಎಸ್‌ಡಿ ಕಾರ್ಡ್, ಎಸ್‌ಎಸ್‌ಡಿಗಳೊಳಗೆ ವಿಳಾಸಗಳನ್ನು ತಾನೇ ಮರುಹೊಂದಿಸುವ ನಿಯಂತ್ರಕವಿರುತ್ತದೆ. ಎಫ್2ಎಫ್ಎಸ್ ಮೇಲೆ ಬೇರ್ಪಡಿಸಿ ಕಳಿಸಿದ ಸಾಲುಗಳನ್ನು ಅದು ಕೆಳಗೆ ಬೆರೆಸಿಬಿಡಬಹುದು. ಆಗಲೂ ಫೈಲ್ ಸಿಸ್ಟಮ್ ಮಾಡುವ ಸಾಗಣೆ ಕಡಿಮೆಯಾಗುವ ಲಾಭವಂತೂ ಉಳಿಯುತ್ತದೆ. ಹೆಸರನ್ನು ನೆಚ್ಚದೆ ಮಾಹಿತಿ ಎಷ್ಟು ಕಾಲಕ್ಕೊಮ್ಮೆ ಬದಲಾಗುತ್ತಿದೆ ಎಂದು ಅಳೆದು ಲಾಗು ಆರಿಸುವ ಆಯ್ಕೆಯೊಂದು ಈಚಿನ ಲಿನಕ್ಸ್ ಆವೃತ್ತಿಗಳಲ್ಲಿ ಬಂದಿದೆ. ದಾರಿ ಅದೇ ಎಂದು ನನ್ನ ಅಭಿಪ್ರಾಯ, ಆದರೆ ಮೊದಲ ಬರಹಕ್ಕೆ ಅದರಿಂದಲೂ ಉತ್ತರ ಸಿಗದು.

ಫಾರ್ಮ್ಯಾಟ್ ಮುಗಿದ ಮೇಲೂ ಪಟ್ಟಿ ತಿದ್ದಲು ಅವಕಾಶವಿದೆ. ಕರ್ನಲ್ ತನ್ನ ಹೊಂದಾಣಿಕೆಗಳನ್ನು ಫೈಲುಗಳಂತೆ ತೋರಿಸುವ ಸಿಸ್‌ಎಫ್‌ಎಸ್ ಅಡಿಯಲ್ಲಿ ಎಫ್2ಎಫ್ಎಸ್ ವಿಭಾಗದ ನಿಮ್ಮ ಡಿಸ್ಕಿನ ಹೆಸರಿನೊಳಗೆ ಎಕ್ಸ್‌ಟೆನ್ಷನ್ ಪಟ್ಟಿಯ ಕಡತವಿದೆ. ಅದನ್ನು ಓದಿದರೆ ಈಗಿನ ಎರಡೂ ಪಟ್ಟಿಗಳು ಕಾಣುತ್ತವೆ, ಅದಕ್ಕೆ ಬರೆದರೆ ಹೊಸದು ಸೇರುತ್ತದೆ ಅಥವಾ ಇದ್ದದ್ದು ಹೋಗುತ್ತದೆ, ಬದಲಾವಣೆ ಸೂಪರ್‌ಬ್ಲಾಕಿಗೂ ದಾಖಲಾಗುತ್ತದೆ. ಈಗಾಗಲೇ ಇರುವ ಫೈಲುಗಳಿಗೆ ಮಾತ್ರ ಇದು ತಟ್ಟುವುದಿಲ್ಲ. ಅವುಗಳಿಗೂ ಗುರುತು ಬೀಳಬೇಕಾದರೆ ಅದೇ ಎಕ್ಸ್‌ಟೆನ್ಷನ್ ಇರುವ ಹೆಸರಿನಲ್ಲಿ ಹೊಸ ಪ್ರತಿ ಮಾಡಿ ಹಳೆಯದನ್ನು ಅಳಿಸಬೇಕು. ಅದೇ ಡಿಸ್ಕಿನೊಳಗೆ ಬೇರೆ ಡೈರೆಕ್ಟರಿಗೆ ಸರಿಸಿದರೆ ಸಾಲದು, ಏಕೆಂದರೆ ಹಾಗೆ ಸರಿಸಿದಾಗ ಹೊಸ ಫೈಲ್ ಹುಟ್ಟುವುದಿಲ್ಲ.