ಒಂದೇ ಬಿಟ್‌ಮ್ಯಾಪ್, ನಾಲ್ಕು ಮುಖ: ಡೆಲ್ಫಿ ಬಟನ್ ಟಿಪ್ಪಣಿ

ಪ್ರೋಗ್ರಾಂ ಬರೆಯುವ ಸಾಧನ ಡೆಲ್ಫಿಯಲ್ಲಿ ಸ್ಪೀಡ್‌ಬಟನ್ ಅಂತ ಐಕಾನ್ ಇಡಬಹುದಾದ ಬಟನ್ ಇದೆ. ಅದರ ಒಂದೊಂದು ಸ್ಥಿತಿಗೂ ಬೇರೆ ಫೈಲ್ ಬೇಡ. ಐಕಾನ್‌ಗಳನ್ನು ಒಂದೇ ಬಿಟ್‌ಮ್ಯಾಪ್‌ನಲ್ಲಿ (ಪಿಕ್ಸೆಲ್‌ಗಳ ಚಿತ್ರದ ಫೈಲ್) ಅಕ್ಕಪಕ್ಕ ಬಿಡಿಸಿ ಬಟನ್‌ನ ಗ್ಲಿಫ್ (Glyph) ಎಂಬ ಗುಣಕ್ಕೆ ಹಾಕಿ, ಎಷ್ಟು ಚಿತ್ರ ಅಂತ ನಮ್‌ಗ್ಲಿಫ್ಸ್ (NumGlyphs) ಎಂಬ ಗುಣದಲ್ಲಿ ಹೇಳಿದರೆ ಆಯ್ತು. ಹೆಚ್ಚೆಂದರೆ ನಾಲ್ಕು.

ಕ್ರಮ: ಸಾಮಾನ್ಯ, ಡಿಸೇಬಲ್ (ಒತ್ತಲಾಗದಂತೆ ಮಾಡಿದಾಗ), ಒತ್ತಿದಾಗ, ಒತ್ತಿಯೇ ಉಳಿದಾಗ. ಎರಡನೆಯದು ಮೌಸ್ ಮೇಲೆ ಬಂದಾಗಿನದ್ದಲ್ಲ! ವೆಬ್ ಕಲಿತು ಬಂದವರು ಅಲ್ಲಿ ಹೊಳೆಯುವ ಐಕಾನ್ ಇಡುತ್ತಾರೆ, ಆಮೇಲೆ ಡಿಸೇಬಲ್ ಆದ ಬಟನ್ನೇ ಎಲ್ಲಕ್ಕಿಂತ ಜಾಸ್ತಿ ಮಿನುಗುತ್ತದೆ. ಮೌಸ್ ಮೇಲೆ ಬಂದದ್ದಕ್ಕೆ ಈ ನಾಲ್ಕರಲ್ಲಿ ಜಾಗವೇ ಇಲ್ಲ.

ನಾಲ್ಕನೆಯದಕ್ಕೆ ಉದಾಹರಣೆ ನಮ್ಮ ಕಾಸರಗೋಡಿನಲ್ಲಿ ಹುಡುಕಬೇಕಾ? ಅಡಿಕೆ ಅಂಗಡಿಗೆ ಬಿಲ್ ಪ್ರೋಗ್ರಾಂ ಬರೆದರೂ ಕನ್ನಡ, ಮಲಯಾಳಂ ಎರಡಕ್ಕೂ ಬಟನ್ ಬೇಕು. ಎರಡಕ್ಕೂ ಗ್ರೂಪ್‌ಇಂಡೆಕ್ಸ್ (GroupIndex, ಬಟನ್‌ಗಳನ್ನು ಒಂದು ಗುಂಪು ಮಾಡುವ ಸಂಖ್ಯೆ) 1 ಕೊಡಿ (ಸೊನ್ನೆ ಮಾತ್ರ ಆಗದು). 'ಕ' ಒತ್ತಿದರೆ ಅದು ಒಳಗೇ ಕೂರುತ್ತದೆ, 'ಮ' ತಾನಾಗಿ ಮೇಲೇಳುತ್ತದೆ. ಹಾಗೆ ಕೂತ ಬಟನ್‌ಗೆ ನಾಲ್ಕನೆಯ ಚಿತ್ರ. ಇಡದಿದ್ದರೆ ಮೊದಲನೆಯದನ್ನೇ ತೋರಿಸುತ್ತದೆ.

ಈಗ ತಲೆ ತಿನ್ನುವ ಭಾಗ, ಅಳತೆ. ಡೆಲ್ಫಿ ನಿಮ್ಮ ಚಿತ್ರವನ್ನು ನೋಡುವುದಿಲ್ಲ, ನಮ್‌ಗ್ಲಿಫ್ಸ್ 4 ಅಂತ ಕೊಟ್ಟಿದ್ದರೆ ಸುಮ್ನೆ ಅಗಲವನ್ನು ನಾಲ್ಕರಿಂದ ಭಾಗಿಸುತ್ತದೆ. 16 ಪಿಕ್ಸೆಲ್‌ನ ನಾಲ್ಕು ಐಕಾನ್ ಅಂದರೆ 64 ಅಗಲ; ಅವು 0, 16, 32, 48ರಲ್ಲಿ ಶುರು. ಚಂದಕ್ಕೆ ಅಂತ ನಡುವೆ ಒಂದೊಂದು ಪಿಕ್ಸೆಲ್ ಗೆರೆ ಬಿಟ್ಟಿರಿ ಅನ್ನಿ. ಅಗಲ 67 ಆಯ್ತು. ನಾಲ್ಕರಿಂದ ಭಾಗಿಸಿದರೆ ಮತ್ತೆ 16ವೇ, ಶೇಷ ಬಿಸಾಡುತ್ತದೆ. ಆದರೆ ನಿಮ್ಮ ಐಕಾನ್‌ಗಳು ಈಗ 0, 17, 34, 51ರಲ್ಲಿವೆ! ಮೂರನೆಯದನ್ನು ಅದು 32ರಿಂದ ಓದುತ್ತದೆ, ಹಾಗಾಗಿ ಒತ್ತಿದ ಕೂಡಲೇ ಚಿತ್ರ ಎರಡು ಪಿಕ್ಸೆಲ್ ಬಲಕ್ಕೆ ಜಿಗಿಯುತ್ತದೆ, ಬಲ ಅಂಚು ಕತ್ತರಿಸಿ ಹೋಗುತ್ತದೆ. ಕೋಡ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗದು, ಅಲ್ವಾ? ಗೆರೆ ತೆಗೆಯಿರಿ, ಅಷ್ಟೇ. ಅಗಲವು ಎತ್ತರದ ಸರಿಯಾಗಿ ನಾಲ್ಕು ಪಟ್ಟು ಇದ್ದರೆ ನಮ್‌ಗ್ಲಿಫ್ಸ್ ತಾನಾಗಿ 4 ಆಗುತ್ತದೆ. ಚಿತ್ರ ಹಾಕಿದ ಮೇಲೆ ಅಲ್ಲಿ 4 ಬಂದಿಲ್ಲವೆಂದರೆ ಅಳತೆ ಹಿಡಿದು ನೋಡಿ.

ಸೋಮಾರಿಗಳಿಗೆ, ಅಂದರೆ ನನಗೆ, ಒಂದೇ ಚಿತ್ರ ಸಾಕು. ಡಿಸೇಬಲ್ ಮುಖವನ್ನು ಡೆಲ್ಫಿಯೇ ಬೂದು ಮಾಡಿಕೊಳ್ಳುತ್ತದೆ.

ಇನ್ನು ಬಣ್ಣ. ಕೆಳಗಿನ ಎಡ ಮೂಲೆಯ ಪಿಕ್ಸೆಲ್‌ನ ಬಣ್ಣ ಇಡೀ ಚಿತ್ರದಲ್ಲಿ ಪಾರದರ್ಶಕ. ಮೂಲೆ ಬಿಳಿ ಇದ್ದರೆ ಪ್ರಿಂಟರ್ ಐಕಾನ್‌ನ ಕಾಗದವೂ ಮಾಯ. ಹಿನ್ನೆಲೆಗೆ ಯಾರೂ ಬಳಸದ ಗಾಢ ಗುಲಾಬಿ ಬಳಿಯಿರಿ: ಕೆಂಪು 255, ಹಸಿರು 0, ನೀಲಿ 255.