ಬೀಗ ಹಾಕಿದ ಲೆಕ್ಕ, ಪಾಯಿಂಟ್ ಆಚೆಗಿನ ಚಿಲ್ರೆ

ಪುಣೆಯಲ್ಲಿ ನಮ್ಮ ಕಿರಾಣಿ ಅಂಗಡಿಯವನು 147.35 ಬಿಲ್ ಆದ್ರೆ 147 ತಗೊಂಡು ‘ಸುಟ್ಟೆ ನಾಹಿ’ (ಚಿಲ್ರೆ ಇಲ್ಲ) ಅಂತಾನೆ, ಅಲ್ಲಿಗೆ ಮಾತು ಮುಗೀತು. 2011ರ ಜೂನ್ 30ಕ್ಕೆ ನಾಲ್ಕಾಣೆಯ ಚಲಾವಣೆಯೇ ನಿಂತೋಯ್ತು, ಇನ್ನು 35 ಪೈಸೆಗೆ ಯಾರು ಜಗಳ ಆಡ್ತಾರೆ? ಆದ್ರೆ ಇಲ್ಲಿನ ಐಟಿ ಏರಿಯಾ ಹಿಂಜವಡಿಯಲ್ಲಿ ನಮ್ಮ ಟೀಮ್ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡಿದ್ದು ಇಂಥ ಚಿಲ್ರೆ ವಿಷಯಕ್ಕೇ. ಕೆಲಸ ಇಷ್ಟು: ಕ್ಲೈಂಟ್ ಡೇಟಾಗೆ ಬೀಗ ಹಾಕಿ ಕಳಿಸ್ತಾನೆ, ನಾವು ಬೀಗ ತೆಗೀದೇ ಅದರ ಮೇಲೆ ಎಐ ಮಾಡೆಲ್ ಓಡಿಸ್ಬೇಕು, ಬರೋ ಉತ್ತರಾನೂ ಬೀಗದೊಳಗೇ ಇರತ್ತೆ, ಕೀಲಿಕೈ ಅವನ ಹತ್ರ ಮಾತ್ರ. ಇದಕ್ಕೆ ಹೋಮೋಮಾರ್ಫಿಕ್ ಎನ್‌ಕ್ರಿಪ್ಶನ್ ಅಂತಾರೆ.

ಈ ಆಸೆ ಹಳೇದು. 1978ರಲ್ಲೇ ರಿವೆಸ್ಟ್, ಆಡಲ್‌ಮನ್, ಡೆರ್ಟೂಜೋಸ್ ಅನ್ನೋ ಸಂಶೋಧಕರು ಇದು ಆಗಬಹುದಾ ಅಂತ ಕೇಳಿದ್ರು. ಆರ್‌ಎಸ್‌ಎ ಅನ್ನೋ ಹಳೇ ಬೀಗದಲ್ಲಿ ಬರೀ ಗುಣಾಕಾರ ಆಗ್ತಿತ್ತು, 1999ರ ಪಾಯೇ ಸ್ಕೀಮಲ್ಲಿ ಕೂಡಿಸೋದು ಆಗ್ತಿತ್ತು, ಎರಡನ್ನೂ ಬೇಕಾದಷ್ಟು ಸಲ ಮಾಡೋ ದಾರಿ ತೋರಿಸಿದ್ದು 2009ರಲ್ಲಿ ಕ್ರೇಗ್ ಜೆಂಟ್ರಿ. ಎಲ್ಲರೂ ಚಪ್ಪಾಳೆ ಹೊಡೆದ್ರು, ಆದ್ರೆ ಒಳಗಿದ್ದಿದ್ದು ಪೂರ್ಣಾಂಕಗಳ ಲೆಕ್ಕ. 98.6 ಅನ್ನೋ ಥರ್ಮಾಮೀಟರ್ ರೀಡಿಂಗ್‌ಗೆ ಅಲ್ಲಿ ಜಾಗ ಇಲ್ಲ, 986 ಮಾಡ್ಕೊಂಡೇ ಹೋಗ್ಬೇಕು.

ಅದರಲ್ಲೇನು ಕಷ್ಟ ಅನ್ಸತ್ತೆ ಅಲ್ವಾ? ಎರಡು ದಶಮಾಂಶದ ನಂಬರನ್ನ ಇನ್ನೊಂದು ಎರಡು ದಶಮಾಂಶದ್ದಕ್ಕೆ ಗುಣಿಸಿದ್ರೆ ನಾಲ್ಕಾಗತ್ತೆ, ಮತ್ತೆ ಗುಣಿಸಿದ್ರೆ ಆರು, ಮಾಮೂಲಿ ಕಂಪ್ಯೂಟರಲ್ಲಿ ಬಾಲ ಕತ್ತರಿಸಿ ಬಿಸಾಕ್ತೀವಿ, ಇಲ್ಲಿ ಬೀಗದೊಳಗೆ ಅದು ಸುಲಭಕ್ಕೆ ಆಗಲ್ಲ, ನಂಬರ್ ಉಬ್ಬುತ್ತಾ ಹೋಗಿ ಕೊನೆಗೆ ಜಾಗ ಮೀರಿದ್ರೆ ಉತ್ತರ ಕಸ. 2016ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರ ಕ್ರಿಪ್ಟೋನೆಟ್ಸ್ ಕೈಬರಹದ ಅಂಕಿಗಳನ್ನ ಬೀಗದೊಳಗೇ 99% ಸರಿಯಾಗಿ ಗುರುತಿಸ್ತು, ಅವರೂ ನಂಬರ್‌ಗಳನ್ನ ಹಿಗ್ಗಿಸಿ ಪೂರ್ಣಾಂಕ ಮಾಡ್ಕೊಂಡೇ ಕೂತಿದ್ದು.

2017ರಲ್ಲಿ ಚಿಯಾನ್, ಕಿಮ್, ಕಿಮ್, ಸಾಂಗ್ ಅನ್ನೋ ಕೊರಿಯಾದವರು ಸಿಕೆಕೆಎಸ್ ಅನ್ನೋ ಹೊಸ ಬೀಗ ತಂದ್ರು. ನಂಗೆ ಬಹಳ ಇಷ್ಟದ ಐಡಿಯಾ ಇದು: ಬೀಗ ಭದ್ರವಾಗಿರ್ಲಿ ಅಂತ ಹೇಗೂ ನಾಯ್ಸ್, ಅಂದ್ರೆ ಮನಸ್ಸಿಗೆ ಬಂದ ಸಣ್ಣ ನಂಬರ್, ಬೆರೆಸ್ತೀವಿ, ಆ ನಾಯ್ಸನ್ನೇ ದಶಮಾಂಶದ ಸಣ್ಣ ತಪ್ಪು ಅಂತ ಒಪ್ಕೊಂಡುಬಿಡೋಣ, ಪ್ರತಿ ಗುಣಾಕಾರ ಆದ್ಮೇಲೆ ಬಾಲ ಕತ್ತರಿಸೋಣ. ಆದ್ರೆ 2021ರಲ್ಲಿ ಲೀ ಮತ್ತು ಮಿಚಾಂಚೋ ತೋರಿಸಿದ್ರು, ಬಿಚ್ಚಿದ ಉತ್ತರವನ್ನ ಹಾಗೇ ಬೇರೆಯವರಿಗೆ ಕೊಟ್ರೆ ಆ ಚಿಲ್ರೆ ತಪ್ಪಿನಿಂದಲೇ ಕೀಲಿಕೈ ಹೊರಗೆ ಬರಬಹುದು ಅಂತ!

ಇನ್ನೊಂದು ದಾರಿ 2016ರ ಟಿಎಫ್‌ಎಚ್‌ಇ ಅನ್ನೋ ಬೀಗ. ಇಲ್ಲಿ ಮೊದಲೇ ಬರೆದಿಟ್ಟ ಟೇಬಲ್ ನೋಡಿ ಉತ್ತರ ತೆಗೀಬಹುದು, ಯಾವ ಫಂಕ್ಷನ್ ಆದ್ರೂ ಸೈ, ಆದ್ರೆ ನಂಬರ್ ಕೆಲವೇ ಬಿಟ್ (0 ಅಥವಾ 1ರ ಮನೆ) ಇರ್ಬೇಕು, ಬಿಟ್ ಜಾಸ್ತಿ ಆದಂಗೆ ಟೇಬಲ್ ದುಬಾರಿ. 8 ಬಿಟ್‌ನ ಎರಡು ನಂಬರ್ ಗುಣಿಸಿ ಅಂಥ ನೂರನ್ನ ಕೂಡಿಸಿದ್ರೆ 23 ಬಿಟ್ ಬೇಕು, 3 ಬಿಟ್ ಆದ್ರೆ 13 ಸಾಕು. ಕ್ವಾಂಟೈಸೇಶನ್ ಅಂದ್ರೆ ಈ ಚೌಕಾಸಿ, ಎಷ್ಟು ಮೆಟ್ಟಿಲಿಗೆ ಇಳಿದ್ರೂ ಮಾಡೆಲ್ ದಡ್ಡ ಆಗಲ್ಲ ಅಂತ ನೋಡೋದು. ಕೆಲವರು ತರಬೇತಿಯಲ್ಲೇ ನಂಬರ್‌ಗಳನ್ನ ಒರಟು ಮಾಡಿ ಮಾಡೆಲ್‌ಗೆ ಅಭ್ಯಾಸ ಮಾಡಿಸ್ತಾರೆ, ಅದೇ ಸರಿ ಅಂತ ನನ್ನ ಅನಿಸಿಕೆ.

ನಾವು ಬಿದ್ದಿದ್ದು ಬೇರೆ ಕಡೆ. ಸಂಬಳದ ಕಾಲಂಗೆ 4 ಬಿಟ್, ಅಂದ್ರೆ 16 ಮೆಟ್ಟಿಲು ಕೊಟ್ವಿ, ಸ್ಯಾಂಪಲಲ್ಲಿ ಯಾರೋ ಒಬ್ಬರದ್ದು ತಿಂಗಳಿಗೆ ಒಂದು ಕೋಟಿ, ಹಂಗಾಗಿ ಒಂದೊಂದು ಮೆಟ್ಟಿಲೂ ಆರೂವರೆ ಲಕ್ಷದ ಮೇಲೆ, ಮಿಕ್ಕೋರೆಲ್ಲ ಸೊನ್ನೆ! ಮಾಮೂಲಿ ಡೇಟಾ ಆಗಿದ್ರೆ ಕಣ್ಣಲ್ಲಿ ನೋಡಿ ಸರಿ ಮಾಡ್ತಿದ್ವಿ, ಬೀಗ ಬಿದ್ಮೇಲೆ ದೊಡ್ಡದು ಯಾವುದು ಚಿಕ್ಕದು ಯಾವುದು ಅಂತಾನೇ ಕಾಣಲ್ಲ, ರೇಂಜ್ ಮೊದಲೇ ಗೊತ್ತು ಮಾಡ್ಬೇಕು. ಈಗ ಐದು ಲಕ್ಷಕ್ಕೆ ಗೆರೆ ಎಳೆದು ಅದಕ್ಕಿಂತ ಮೇಲಿನವರನ್ನೆಲ್ಲ ಕೊನೇ ಮೆಟ್ಟಿಲಲ್ಲಿ ನಿಲ್ಲಿಸಿದ್ದೀವಿ, ಕೋಟಿಯವರೂ ಪಾಪ ಅಲ್ಲೇ ನಿಂತಿದ್ದಾರೆ.