ಫೋಟೋಗ್ರಾಫರ್ ನಿಂತ ಜಾಗದಲ್ಲಿ ಮೆಟ್ರೋ ಕಂಬ

ಬೆಂಗಳೂರಿನ ಎಂ.ಜಿ. ರಸ್ತೆಯ ಹಳೆಯ ಫೋಟೋಗಳನ್ನು ಹತ್ತಿಪ್ಪತ್ತು ಸೇರಿಸಿ ಮೇಜಿನ ಮೇಲೆ ಹರಡಿ ನೋಡಿ. ತೆಗೆದವರು ಬೇರೆ ಬೇರೆ, ಕಾಲ ಬೇರೆ ಬೇರೆ. ಅವರು ನಿಂತ ಜಾಗ ಮಾತ್ರ ಹೆಚ್ಚುಕಡಿಮೆ ಒಂದೇ. ಅದು ರಸ್ತೆಯ ಉತ್ತರ ಬದಿ, ಪರೇಡ್ ಮೈದಾನದ ಅಂಚಿನಲ್ಲಿದ್ದ ಬುಲೆವಾರ್ಡ್. ಕಾಗದದ ಹೂವಿನ ಬಳ್ಳಿ ಹಬ್ಬಿದ ಆ ಕಾಲುದಾರಿಯ ಬದಿಯಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಎದುರಿನ ಅಂಗಡಿ ಸಾಲು ಇಡಿಯಾಗಿ ಸಿಗುತ್ತಿತ್ತು. ಮೈದಾನ ಸೈನ್ಯದ್ದು, ಆದ್ದರಿಂದ ಆ ಕಡೆ ಯಾರೂ ಏನೂ ಕಟ್ಟುವಂತಿರಲಿಲ್ಲ. ರಸ್ತೆಗೆ ಒಂದೇ ಮುಖ. ಆ ಮುಖವನ್ನು ನೋಡಲು ಹೇಳಿ ಮಾಡಿಸಿದ ಜಾಗ ಬುಲೆವಾರ್ಡ್.

ನಮ್ಮ ಮೆಟ್ರೋ ತನ್ನ ಕಂಬಗಳನ್ನು ಊರಿದ್ದು ಸರಿಯಾಗಿ ಅಲ್ಲೇ. ಎಂ.ಜಿ. ರಸ್ತೆ ಬದಲಾಯಿತು ಎಂದು ಕೊರಗುವವರು ಪ್ಲಾಜಾ ಚಿತ್ರಮಂದಿರ ಹೋಯಿತು, ಕಾಫಿ ಹೌಸ್ ಹೋಯಿತು ಎಂದು ಲೆಕ್ಕ ಹೇಳುತ್ತಾರೆ. ನಿಂತು ನೋಡುವ ಜಾಗವೇ ಹೋಯಿತು ಎಂಬುದನ್ನು ಹೇಳುವವರು ಕಡಿಮೆ.

ಈ ಊರನ್ನು ಯಾರು ನೋಡಿದರು, ಎಲ್ಲಿಂದ ನೋಡಿದರು ಎಂಬ ಪ್ರಶ್ನೆ ಕ್ಯಾಮೆರಾಕ್ಕಿಂತ ಹಳೆಯದು. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಅದರ ಜೊತೆಗೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಬಂದಿದ್ದ. ಇಂದಿಗೂ ಕ್ಯಾಲೆಂಡರುಗಳಲ್ಲಿ, ಹೋಟೆಲ್ ಗೋಡೆಗಳಲ್ಲಿ ಕಾಣುವ ಕೋಟೆಯ ಚಿತ್ರಗಳು ಆ ದಂಡಯಾತ್ರೆಯ ಫಲ. ಗೆದ್ದವರಿಗೆ ಬೇಕಾದದ್ದು ಗೋಡೆ, ಬಾಗಿಲು, ಬತೇರಿ. ಪಕ್ಕದ ಪೇಟೆಯಲ್ಲಿ ಅಂದು ಯಾರು ಏನು ಮಾರುತ್ತಿದ್ದರು ಎಂಬುದಲ್ಲ.

1809ರಲ್ಲಿ ಬ್ರಿಟಿಷ್ ಸೈನ್ಯದ ನೆಲೆಯಾಗಿ ದಂಡು ಪ್ರದೇಶ (ಕಂಟೋನ್ಮೆಂಟ್) ಹುಟ್ಟಿತು. ಪರೇಡ್ ಮೈದಾನದ ದಕ್ಷಿಣಕ್ಕಿದ್ದ ರಸ್ತೆ, ಅಂದರೆ ಇಂದಿನ ಎಂ.ಜಿ. ರಸ್ತೆ, ಸೌತ್ ಪರೇಡ್ ಆಯಿತು. ಕ್ಯಾಮೆರಾ ಇಲ್ಲಿಗೆ ಬೇಗನೆ ಬಂತು, ಅದೂ ಸೈನಿಕರ ಕೈಯಲ್ಲೇ. ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ಸೇನಾಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಕ್ಯಾಮೆರಾ ಹೊತ್ತುಕೊಂಡು ಹೋದದ್ದು ಬೇಲೂರು, ಹಳೇಬೀಡಿಗೆ. ಆ ಚಿತ್ರಗಳು ಅದ್ಭುತ, ಅನುಮಾನವಿಲ್ಲ. ಆದರೆ ಬಗಲಲ್ಲೇ ಇದ್ದ ಬೀದಿ ಬಿಟ್ಟು ಹಲವು ದಿನದ ದಾರಿಯ ದೇವಾಲಯಕ್ಕೆ ಹೋಗುವ ಆ ಚಾಳಿ ನಮ್ಮ ಫೋಟೋಗ್ರಫಿಯನ್ನು ಬಹುಕಾಲ ಬಿಡಲಿಲ್ಲ. ಆಗಿನ ತಂತ್ರಕ್ಕೂ ಬೀದಿ ಒಗ್ಗುತ್ತಿರಲಿಲ್ಲ. ಬೆಳಕು ಹಾಳೆಯ ಮೇಲೆ ಕೂರಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ನಡೆದುಹೋದ ಮನುಷ್ಯ ಚಿತ್ರದಲ್ಲಿ ಉಳಿಯುತ್ತಲೇ ಇರಲಿಲ್ಲ. ಕಲ್ಲು ಅಲುಗುವುದಿಲ್ಲ, ಅದಕ್ಕೇ ಕಲ್ಲಿನ ಚಿತ್ರ.

ಇದೇ ಕಾಲದ ಪ್ಯಾರಿಸ್ ಬೇರೆ ದಾರಿ ಹಿಡಿದಿತ್ತು. ಅಲ್ಲಿನ ಆಡಳಿತಾಧಿಕಾರಿ ಓಸ್ಮಾನ್ ಹಳೆಯ ಓಣಿಗಳನ್ನು ಒಡೆದು ಅಗಲ ರಸ್ತೆ ಮಾಡಿಸುತ್ತಿದ್ದಾಗ ಶಾರ್ಲ್ ಮಾರ್ವಿಲ್ ಎಂಬಾತ 1862ರ ಹೊತ್ತಿಗೆ ನಗರದ ಅಧಿಕೃತ ಛಾಯಾಗ್ರಾಹಕನಾಗಿದ್ದ. ಕೆಡವಲಿರುವ ಬೀದಿಗಳನ್ನು ಆತ ಒಂದೊಂದಾಗಿ ಸೆರೆಹಿಡಿದ. ಅವನ ನಂತರ ಬಂದ ಯೂಜೀನ್ ಅಟ್ಜೆ ಯಾರ ನೌಕರನೂ ಅಲ್ಲ. ಚಿತ್ರಕಲಾವಿದರಿಗೆ, ವಸ್ತುಸಂಗ್ರಹಾಲಯಗಳಿಗೆ ಮಾರಿ ಹೊಟ್ಟೆ ಹೊರೆಯಲೆಂದು ಅಂಗಡಿ ಬಾಗಿಲು, ಮೆಟ್ಟಿಲು, ಚಿಂದಿ ಆಯುವವರ ಗುಡಿಸಲು ಎಲ್ಲವನ್ನೂ ಮೂವತ್ತು ವರ್ಷ ತೆಗೆದ. ಒಬ್ಬನಿಗೆ ಆಡಳಿತದ ಆದೇಶ, ಇನ್ನೊಬ್ಬನಿಗೆ ಹೊಟ್ಟೆಪಾಡು. ಬೀದಿಯ ಮೇಲಿನ ಪ್ರೀತಿಯೊಂದೇ ಸಾಲುವುದಿಲ್ಲ, ಯಾರಾದರೂ ದುಡ್ಡು ಕೊಡಬೇಕು ಎಂದು ನನಗೆ ಅನ್ನಿಸುವುದು ಇವರಿಬ್ಬರನ್ನು ನೆನೆದಾಗ.

ಸೌತ್ ಪರೇಡಿಗೆ ದುಡ್ಡು ಕೊಟ್ಟದ್ದು ಅಂಚೆ ಕಾರ್ಡು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಿಗಿನ್‌ಬಾಥಮ್ಸ್‌ನಂಥ ಅಂಗಡಿಗಳು ಚಿತ್ರದ ಕಾರ್ಡುಗಳನ್ನು ಅಚ್ಚು ಹಾಕಿಸಿ ಮಾರುತ್ತಿದ್ದವು. ಮರಗಳ ಸಾಲು, ಒಂದೆರಡು ಜಟಕಾ, ಉಳಿದಂತೆ ಖಾಲಿ ರಸ್ತೆ. ಊರಿನವರಿಗೆ ಇದು ಪರದೇಶ. ಪೇಟೆಯ ಜನರಿಗೆ ದಂಡು ಎಂದರೆ ಬೇರೊಂದು ಊರೇ ಆಗಿತ್ತು. 1936ರಲ್ಲಿ ಪ್ಲಾಜಾ ಬಂತು. 1948ರಲ್ಲಿ ರಸ್ತೆಗೆ ಮಹಾತ್ಮ ಗಾಂಧಿಯವರ ಹೆಸರು ಬಂತು. ಮರುವರ್ಷ ದಂಡೂ ಪೇಟೆಯೂ ಒಂದೇ ನಗರಪಾಲಿಕೆಯಡಿ ಸೇರಿದವು. ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ ಹುಟ್ಟಿದ್ದೂ 1948ರಲ್ಲೇ. ಅವುಗಳ ಕಚೇರಿ ಇರುವುದು ಇದೇ ರಸ್ತೆಯಲ್ಲಿ. ಮೈಸೂರಿನ ಟಿ.ಎಸ್. ಸತ್ಯನ್ ಪತ್ರಿಕಾ ಛಾಯಾಗ್ರಹಣಕ್ಕೆ ಬಂದದ್ದು ಡೆಕ್ಕನ್ ಹೆರಾಲ್ಡ್ ಮೂಲಕ. ಮಂತ್ರಿಯ ಭಾಷಣಕ್ಕಿಂತ ಶಾಲೆಗೆ ಹೋಗುವ ಮಗು ದೊಡ್ಡ ಸುದ್ದಿ ಎಂದು ಕ್ಯಾಮೆರಾದ ಮೂಲಕ ಕನ್ನಡಿಗರಿಗೆ ತೋರಿಸಿದವರಲ್ಲಿ ಅವರು ಮೊದಲಿಗರ ಸಾಲಿನವರು. ಆದರೆ ಪತ್ರಿಕೆಗೆ ನಿತ್ಯ ಬೇಕಾದದ್ದು ಗಣರಾಜ್ಯೋತ್ಸವದ ಪಥಸಂಚಲನ, ಮುಷ್ಕರ, ಮಳೆಗೆ ಬಿದ್ದ ಮರ. ಎಂ.ಜಿ. ರಸ್ತೆಯಲ್ಲಿ ಏನೂ ನಡೆಯದ ಮಂಗಳವಾರದ ಮಧ್ಯಾಹ್ನ ಸುದ್ದಿಯಾಗುವುದಿಲ್ಲ.

ಆ ಮಂಗಳವಾರ ಉಳಿದದ್ದು ಮನೆಯ ಆಲ್ಬಂಗಳಲ್ಲಿ, ಅದೂ ಅಕಸ್ಮಾತ್ತಾಗಿ. ನಮ್ಮ ಮನೆಯಲ್ಲಿ ಅಂಥದ್ದೊಂದು ಚಿತ್ರವಿದೆ. ಊರಿಂದ ಬಂದ ಚಿಕ್ಕಪ್ಪನನ್ನು ಗಾಂಧಿ ಪ್ರತಿಮೆಯ ಹತ್ತಿರ ನಿಲ್ಲಿಸಿ ತೆಗೆದದ್ದು. ರೀಲಿನಲ್ಲಿ ಮೂವತ್ತಾರೇ ಚಿತ್ರ, ಬೀದಿಗೆಂದು ಒಂದನ್ನು ಹಾಳು ಮಾಡುವ ಧೈರ್ಯ ಯಾರಿಗಿತ್ತು? ಚಿಕ್ಕಪ್ಪ ಸೆಟೆದು ನಿಂತಿದ್ದಾರೆ. ಈಗ ಆ ಚಿತ್ರ ನೋಡುವವರೆಲ್ಲ ಅವರನ್ನು ಬಿಟ್ಟು ಹಿಂದಕ್ಕೆ ಇಣುಕುತ್ತಾರೆ. ಬಸ್ಸಿನ ಮೇಲೆ ಬಿ.ಟಿ.ಎಸ್. ಎಂದಿದೆ, ಅಂದರೆ 1997ಕ್ಕೆ ಮುಂಚಿನದು. ಆ ವರ್ಷ ಅದು ಬಿ.ಎಂ.ಟಿ.ಸಿ. ಆಯಿತು. ಅಂಗಡಿ ಫಲಕದ ದೂರವಾಣಿ ಸಂಖ್ಯೆಯನ್ನು ಎಣಿಸಿದರೆ ಆರಂಕಿಯೋ ಏಳಂಕಿಯೋ ಎಂದು ಕಾಲವನ್ನು ಇನ್ನಷ್ಟು ಬಿಗಿಯಬಹುದು. ಹಳೆಯ ಚಿತ್ರಗಳಿಗೆ ತೇದಿ ಹಚ್ಚುವವರು ಮಾಡುವುದು ಇದನ್ನೇ. ಕಟ್ಟಡ ನಂಬಿಕೆಗೆ ಅರ್ಹವಲ್ಲ, ಅದು ಎಪ್ಪತ್ತು ವರ್ಷ ಹಾಗೆಯೇ ನಿಂತಿರುತ್ತದೆ. ಬೇಗ ಸಾಯುವ ವಸ್ತುಗಳೇ ಸಾಕ್ಷಿ ಹೇಳುವುದು: ಬಸ್ಸಿನ ಬಣ್ಣ, ಸಿನಿಮಾ ಪೋಸ್ಟರು, ಎಸ್.ಟಿ.ಡಿ. ಬೂತು.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಜಿಪುಣತನ ಹೋಯಿತು, ಆದರೆ ಕಣ್ಣು ಬದಲಾಗಲಿಲ್ಲ. 2005ರಲ್ಲಿ ಪ್ಲಾಜಾ ಪರದೆ ಎಳೆಯಿತು. 2009ರ ಏಪ್ರಿಲ್‌ನಲ್ಲಿ ಇಂಡಿಯಾ ಕಾಫಿ ಹೌಸ್ ಎಂ.ಜಿ. ರಸ್ತೆಯ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಕೊನೆಯ ದಿನಗಳಲ್ಲಿ ಅಲ್ಲಿ ಕಾಫಿ ಕುಡಿಯುವವರಿಗಿಂತ ಪೇಟ ತೊಟ್ಟ ಬಡಿಸುವವರ ಚಿತ್ರ ತೆಗೆಯುವವರದೇ ಗದ್ದಲ. ಹೀಗಾಗಿ ಕಾಫಿ ಹೌಸಿನ ಎಷ್ಟೋ ಚಿತ್ರಗಳಲ್ಲಿ ಬೀಳ್ಕೊಡುಗೆಯ ಮುಖವೇ ಇದೆ. ನಾನು ಬಲ್ಲ ಕಾಫಿ ಹೌಸ್ ಅದಲ್ಲ. ಅದು ಅರ್ಧ ಖಾಲಿ ಇರುತ್ತಿತ್ತು, ತುಸು ಮಂಕಾಗಿರುತ್ತಿತ್ತು, ಒಂದು ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಏಳು ಎನ್ನುತ್ತಿರಲಿಲ್ಲ.

2011ಕ್ಕೆ ಎರಡು ಸಂಗತಿಗಳು ಕೂಡಿ ಬಂದವು. ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋ ಓಡಿತು. ಅದಕ್ಕೂ ಮುಂಚೆ, ಅದೇ ವರ್ಷದ ಜೂನ್‌ನಲ್ಲಿ, ಬೀದಿಬೀದಿಯನ್ನು ಚಿತ್ರಿಸಲು ಹೊರಟಿದ್ದ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳನ್ನು ಭದ್ರತೆಯ ಕಾರಣಕ್ಕೆ ಬೆಂಗಳೂರು ಪೊಲೀಸರು ತಡೆದರು. ಆ ಸೇವೆ ಮತ್ತೆ ಶುರುವಾದದ್ದು 2022ರ ಜುಲೈನಲ್ಲಿ, ಬೆಂಗಳೂರು ಸೇರಿ ಹತ್ತು ನಗರಗಳಲ್ಲಿ. ನಡುವೆ ಹನ್ನೊಂದು ವರ್ಷ. ಬೇರೆ ದೇಶಗಳ ನಗರಗಳಲ್ಲಿ ಯಾರೂ ಕೇಳದಿದ್ದರೂ ಯಂತ್ರವೇ ಮಂಗಳವಾರದ ಮಧ್ಯಾಹ್ನಗಳನ್ನು ಕೂಡಿಡುತ್ತಿದ್ದ ಕಾಲ ಅದು. ಇಲ್ಲಿ ಬುಲೆವಾರ್ಡ್ ಹೋದ ಜಾಗದಲ್ಲಿ ರಂಗೋಲಿ ಕಲಾ ಕೇಂದ್ರ ಬಂದದ್ದೂ (2013), ಚರ್ಚ್ ಸ್ಟ್ರೀಟಿಗೆ ಕಲ್ಲುಹಾಸು ಬಂದದ್ದೂ (2018) ಆ ಹನ್ನೊಂದು ವರ್ಷಗಳಲ್ಲೇ.

ಪೇಟೆಯ ಕಥೆ ಬೇರೆ. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯ ಕೆಳಗೆ ಮೆಟ್ರೋ ಸುರಂಗದಲ್ಲಿ ಹೋಯಿತು, 2017ರಲ್ಲಿ ನಿಲ್ದಾಣಗಳು ತೆರೆದವು. ಮೇಲಿನ ಓಣಿಗಳ ಮೇಲೆ ಮೆಟ್ರೋ ಮೇಲ್ಸೇತುವೆಯ ನೆರಳು ಬೀಳಲಿಲ್ಲ. ಅಲ್ಲಿನ ಕಾಟ ಇನ್ನೊಂದು: ಮಾರುಕಟ್ಟೆಯ ಮೇಲಂತಸ್ತಿನಿಂದ ಬಗ್ಗಿ ಹೂವಿನ ರಾಶಿಗಳನ್ನು ತೆಗೆದ ಚಿತ್ರ ಎಷ್ಟು ಸಾವಿರ ಸಲ ಬಂದಿದೆಯೋ! ಚೆಂಡುಹೂವಿನ ಹಳದಿ ಅಚ್ಚುಕಟ್ಟಾಗಿ ಬೀಳುತ್ತದೆ, ಮಾರುವವಳ ನೆತ್ತಿಯಷ್ಟೇ ಕಾಣುತ್ತದೆ. ಕೆಳಗಿಳಿದು ಆಕೆಯನ್ನು ಮಾತಾಡಿಸಿ ತೆಗೆದ ಚಿತ್ರಗಳು ಅಷ್ಟಿಲ್ಲ.

ಎಂ.ಜಿ. ರಸ್ತೆ 2024ರಲ್ಲಿ ಮತ್ತೊಮ್ಮೆ ಮುಖ ಬದಲಿಸಿತು. ಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಂದಾಗ ಏಣಿಗಳು ಎದ್ದವು. ಕೆಡವುವ ಸದ್ದಿಲ್ಲ, ಧೂಳಿಲ್ಲ, ಆದ್ದರಿಂದ ಕ್ಯಾಮೆರಾದವರ ಗುಂಪೂ ಇಲ್ಲ. ಒಂದು ಅಂಗಡಿಯ ಹಳೆಯ ಇಂಗ್ಲಿಷ್ ಅಕ್ಷರಗಳನ್ನು ಕಿತ್ತಿದ್ದರು. ಬಿಸಿಲು ಕಾಣದ ಗೋಡೆಯ ಮೇಲೆ ಅವುಗಳ ಆಕಾರ ಬೆಳ್ಳಗೆ ಉಳಿದಿತ್ತು. ಅದರ ಮೇಲೆಯೇ ಕನ್ನಡದ ಮೊದಲ ಅಕ್ಷರ ಕೂರುತ್ತಿತ್ತು. ನಾನು ಮೊಬೈಲ್ ತೆಗೆದೆ. ಏಣಿಯ ಮೇಲಿದ್ದವನು ತಿರುಗಿ, "ಯಾವ ಪೇಪರಿನವರು ಸಾರ್?" ಎಂದ. ಯಾವುದೂ ಅಲ್ಲ ಎಂದೆ. ಮತ್ತೆ ಯಾಕೆ ಎಂಬಂತೆ ಒಂದು ಕ್ಷಣ ನೋಡಿ, ತಿರುಪು ಬಿಗಿಯಲು ಗೋಡೆಯ ಕಡೆಗೆ ತಿರುಗಿದ.